ಹುಸೇನಾರಾ ಖಾತೂನ್ ಪ್ರಕರಣಕ್ಕೆ ಕಾರಣರಾದ ಪೊಲೀಸ್ ಅಧಿಕಾರಿ

ಪ್ರಶ್ನೆ: ವಿಚಾರಣಾಧೀನ ಕೈದಿಗಳ ಹಕ್ಕಿಗೆ ಸಂಬಂಧಿಸಿದ ಹುಸೇನಾರಾ ಖಾತೂನ್ ಪ್ರಕರಣವು ಪೊಲೀಸ್ ಅಧಿಕಾರಿಯೊಬ್ಬರ ಪತ್ರಿಕಾ ಲೇಖನಗಳಿಂದ ಹುಟ್ಟಿತು ಎಂದು ತರಗತಿಯಲ್ಲಿ ಕೇಳಿದೆ. ಅವರು ಯಾರು? ಬಂಧಿಸುವ ಇಲಾಖೆಯವರೇ ಕೈದಿಗಳ ಪರವಾಗಿ ಬರೆಯುವ ಸಂದರ್ಭ ಹೇಗೆ ಬಂತು?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅವರು ಖುಸ್ರೋ ಫರಾಮುರ್ಜ್ ರುಸ್ತಮ್‌ಜಿ. ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಒಂದು ಸಾಲಿಗೆ ಮುಗಿದುಹೋಗುವುದು ನನಗೆ ಬೇಸರದ ಸಂಗತಿ. ಆದ್ದರಿಂದ ನಿಮ್ಮ ಪ್ರಶ್ನೆ ಬಂದದ್ದು ಸಂತೋಷ ತಂದಿದೆ.

ರುಸ್ತಮ್‌ಜಿ 1916ರಲ್ಲಿ ನಾಗಪುರದ ಸಮೀಪದ ಕಾಮ್ಠಿಯಲ್ಲಿ ಹುಟ್ಟಿ, 1938ರಲ್ಲಿ, ಅಂದರೆ ಬ್ರಿಟಿಷರ ಆಳ್ವಿಕೆಯಲ್ಲಿಯೇ, ಪೊಲೀಸ್ ಸೇವೆಗೆ ಸೇರಿದರು. 1952ರಿಂದ ಆರು ವರ್ಷ ಪ್ರಧಾನಿ ನೆಹರೂ ಅವರ ಭದ್ರತೆಯ ಹೊಣೆ ಹೊತ್ತಿದ್ದರು. ಬಳಿಕ ಮಧ್ಯಪ್ರದೇಶದ ಪೊಲೀಸ್ ಮುಖ್ಯಸ್ಥರಾಗಿ ಚಂಬಲ್ ಕಣಿವೆಯ ಡಕಾಯಿತರ ವಿರುದ್ಧ ಕಾರ್ಯಾಚರಣೆ ನಡೆಸಿದರು. 1965ರ ಏಪ್ರಿಲ್‌ನಲ್ಲಿ ಕಛ್‌ನ ಗಡಿಠಾಣೆಗಳ ಮೇಲೆ ಪಾಕಿಸ್ತಾನ ದಾಳಿ ಮಾಡಿದಾಗ, ರಾಜ್ಯಗಳ ಸಶಸ್ತ್ರ ಪೊಲೀಸರಿಂದ ಮಾತ್ರ ಗಡಿ ಕಾಯುವುದು ಸಾಧ್ಯವಿಲ್ಲವೆಂಬುದು ಸ್ಪಷ್ಟವಾಯಿತು. ಅದೇ ವರ್ಷದ ಡಿಸೆಂಬರ್ 1ರಂದು ಗಡಿ ಭದ್ರತಾ ಪಡೆ ಅಸ್ತಿತ್ವಕ್ಕೆ ಬಂದಾಗ ಅದನ್ನು ಕಟ್ಟುವ ಕೆಲಸ ರುಸ್ತಮ್‌ಜಿಯವರಿಗೆ ಒಪ್ಪಿಸಲ್ಪಟ್ಟಿತು. 1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಹೋರಾಟಗಾರರ ಪಡೆಯಾದ ಮುಕ್ತಿವಾಹಿನಿಗೆ ನೆರವಾದದ್ದೂ ಅವರ ನೇತೃತ್ವದಲ್ಲಿದ್ದ ಇದೇ ಪಡೆ. ಇಷ್ಟನ್ನು ಹೇಳಿದ್ದು, ಕೈದಿಗಳ ಬಗ್ಗೆ ಬರೆದವರು ಅಪರಾಧದ ಕ್ರೌರ್ಯವನ್ನು ಕಾಣದ ಮೃದು ಮನಸ್ಸಿನ ಹೊರಗಿನವರಲ್ಲ ಎಂಬುದು ನಿಮಗೆ ತಿಳಿಯಲೆಂದು.

ಇನ್ನು ಸಂದರ್ಭದ ವಿಚಾರ. ತುರ್ತು ಪರಿಸ್ಥಿತಿಯ ನಂತರ ಬಂದ ಜನತಾ ಸರ್ಕಾರವು 1977ರಲ್ಲಿ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗವನ್ನು ನೇಮಿಸಿತು. ಆ ವೇಳೆಗೆ ನಿವೃತ್ತರಾಗಿದ್ದ ರುಸ್ತಮ್‌ಜಿ ಅದರ ಸದಸ್ಯರಾದರು. ಆಯೋಗದ ಕೆಲಸದ ಮೇಲೆ ಬಿಹಾರದ ಜೈಲುಗಳಿಗೆ ಹೋದಾಗ ಅವರು ಕಂಡದ್ದು ಶಿಕ್ಷೆಗೊಳಗಾದವರನ್ನಲ್ಲ, ವಿಚಾರಣೆಯೇ ಆರಂಭವಾಗದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರನ್ನು. ಅಪರಾಧ ಸಾಬೀತಾಗಿದ್ದರೂ ಕೆಲವು ತಿಂಗಳು ಅಥವಾ ಒಂದೆರಡು ವರ್ಷವಷ್ಟೇ ಶಿಕ್ಷೆಯಾಗಬಹುದಾಗಿದ್ದವರು ಐದು, ಏಳು, ಒಂಬತ್ತು ವರ್ಷಗಳಿಂದ ಒಳಗಿದ್ದರು. ಯಾವ ಆರೋಪವೂ ಇಲ್ಲದ ಹೆಂಗಸರು, ಕೇವಲ ಸಂತ್ರಸ್ತರು ಅಥವಾ ಸಾಕ್ಷಿಗಳೆಂಬ ಕಾರಣಕ್ಕೆ, ‘ರಕ್ಷಣಾತ್ಮಕ ವಶ’ದ ಹೆಸರಿನಲ್ಲಿ ಬಂದಿಗಳಾಗಿದ್ದರು.

1979ರ ಜನವರಿಯಲ್ಲಿ ಅವರು ಇದನ್ನು ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಬರೆದರು. ಆ ಲೇಖನಗಳನ್ನೇ ಆಧಾರವಾಗಿಟ್ಟುಕೊಂಡು ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನದಲ್ಲಿರುವವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುವಂತೆ ಕೋರುವ ಅರ್ಜಿ, ಹಾಕಿದರು. ಶೀಘ್ರ ವಿಚಾರಣೆಯು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ರಕ್ಷಿಸುವ ಸಂವಿಧಾನದ 21ನೇ ವಿಧಿಯ ಭಾಗವೆಂದು ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠ ಸಾರಿತು. ಬಡವರನ್ನು ಜಾಮೀನುದಾರರಿಲ್ಲದೆ, ಅವರ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದೆಂದಿತು. ಈ ಅಂಶದ ತೂಕ ತಿಳಿಯಬೇಕಾದರೆ ನಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಜಾಮೀನು ಮಂಜೂರಾಗಿದ್ದರೂ, ಹೊಲದ ಪಹಣಿ ಹಿಡಿದು ಬಂದು ಜಾಮೀನುದಾರನಾಗಿ ಸಹಿ ಹಾಕುವವರು ಯಾರೂ ಸಿಗದೆ, ಆದೇಶ ಕಡತದಲ್ಲಿಯೇ ಉಳಿದು ಆರೋಪಿ ಜೈಲಿನಲ್ಲಿಯೇ ಉಳಿಯುತ್ತಾನೆ. ಈ ಪ್ರಕರಣದ ಫಲವಾಗಿ ದೇಶದಲ್ಲಿ ಸುಮಾರು 40,000 ವಿಚಾರಣಾಧೀನ ಕೈದಿಗಳು ಬಿಡುಗಡೆ ಹೊಂದಿದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಬಂಧಿಸುವ ಇಲಾಖೆಯವರು ಹೀಗೆ ಬರೆದದ್ದರಲ್ಲಿ ವಿರೋಧಾಭಾಸವಿದೆ ಎಂಬ ಭಾವನೆ ನಿಮ್ಮ ಪ್ರಶ್ನೆಯಲ್ಲಿದೆ; ನಾನು ಅದನ್ನು ಒಪ್ಪಲಾರೆ. ಬಂಧನ ಎಲ್ಲಿ ಅನಗತ್ಯವಾಗಿತ್ತೆಂಬುದನ್ನು ಪೊಲೀಸ್ ಅಧಿಕಾರಿಗಿಂತ ಚೆನ್ನಾಗಿ ಬಲ್ಲವರು ವಿರಳ. ಅವರು ಸದಸ್ಯರಾಗಿದ್ದ ಆಯೋಗವೇ ತನ್ನ ಮೂರನೆಯ ವರದಿಯಲ್ಲಿ, ಬಂಧನಗಳಲ್ಲಿ ಸುಮಾರು 60 ಶೇಕಡಾ ಅನಗತ್ಯ ಅಥವಾ ಅಸಮರ್ಥನೀಯವೆಂದೂ, ಜೈಲುಗಳ ವೆಚ್ಚದ 43.2 ಶೇಕಡಾ ಇದಕ್ಕಾಗಿಯೇ ಹೋಗುತ್ತದೆಂದೂ ಹೇಳಿತು. ಬಂಧನದ ಅಧಿಕಾರವನ್ನು ಮಿತಿಗೊಳಿಸಿದ 1994ರ ಜೋಗಿಂದರ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದೇ ವರದಿಯನ್ನು ಉಲ್ಲೇಖಿಸಿದೆ. 1991ರಲ್ಲಿ ಪದ್ಮವಿಭೂಷಣ ಪಡೆದ ರುಸ್ತಮ್‌ಜಿ 2003ರಲ್ಲಿ ನಿಧನರಾದರು.

ಈ ವಿಷಯದ ಮೇಲೆ ಪ್ರಬಂಧ ಬರೆಯುವುದಾದರೆ ಹುಸೇನಾರಾ ಖಾತೂನ್ ಪ್ರಕರಣದ ಆದೇಶಗಳು ಹಲವಿರುವುದನ್ನು ಗಮನಿಸಿ; ಉಚಿತ ಕಾನೂನು ನೆರವಿನ ಚರ್ಚೆಗೆ 1979ರ ಮಾರ್ಚ್ 9ರದ್ದನ್ನು ಪೂರ್ತಿಯಾಗಿ ಓದಿ. ಅದರ ಜೊತೆಗೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮನ್ನು ಇಟ್ಟುಕೊಳ್ಳಿ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟರೆ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು, ಹಿಂದೆ ಯಾವ ಅಪರಾಧಕ್ಕೂ ದೋಷಿಯೆಂದು ತೀರ್ಮಾನವಾಗಿರದ ಆರೋಪಿಯಾದರೆ ಮೂರನೆಯ ಒಂದು ಭಾಗವನ್ನು, ಜೈಲಿನಲ್ಲಿ ಕಳೆದವರ ಬಿಡುಗಡೆಗೆ ಆ ಕಲಮು ದಾರಿ ಮಾಡಿದೆ. ಅದಕ್ಕಾಗಿ ನ್ಯಾಯಾಲಯಕ್ಕೆ ಲಿಖಿತವಾಗಿ ಅರ್ಜಿ ಸಲ್ಲಿಸುವ ಕರ್ತವ್ಯವನ್ನು ಜೈಲಿನ ಅಧೀಕ್ಷಕರ ಮೇಲೆಯೇ ಹೊರಿಸಿದೆ.