ಗಂಟಲು ಕಟ್ಟಿದ ಹಾಗೆ ಹಾಡುವವರು ಯಾರು?

ಪ್ರಶ್ನೆ: ಮಗಳ ಜೊತೆ ಕೂತು ಕೊರಿಯನ್ ಸೀರಿಯಲ್ ನೋಡಿ ನೋಡಿ ನನಗೂ ರುಚಿ ಹತ್ತಿದೆ. ಮೊನ್ನೆ ‘ಚುನ್‌ಹ್ಯಾಂಗ್’ ಅನ್ನೋ ಹಳೇ ಕಾಲದ ಪ್ರೇಮಕಥೆಯ ಸಿನಿಮಾ ಹಾಕಿದೆವು. ಯಾರೋ ಗಂಡಸು ಗಂಟಲು ಕಟ್ಟಿದವರ ಹಾಗೆ ಹಾಡುತ್ತಲೇ ಇದ್ದಾರೆ. 20 ನಿಮಿಷಕ್ಕೆ ಆಫ್ ಮಾಡಿದೆವು. ಮತ್ತೆ ನೋಡಬಹುದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೋಡಿ, ಖಂಡಿತ ನೋಡಿ. ಮೊದಲ ಸಲ ನಾನೂ ಅರ್ಧಕ್ಕೇ ಎದ್ದಿದ್ದೆ. ಎರಡನೇ ಸಲ ಕೂತಾಗ ಒಲೆ ಮೇಲಿಟ್ಟ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಆ ದನಿ ಚೋ ಸಾಂಗ್‌ಹ್ಯುನ್ ಅವರದು. ಹಾಡುತ್ತಿರುವುದು ಪಾನ್ಸೊರಿ. ಹಾಡಲು ಒಬ್ಬರು, ಡೋಲು ಬಾರಿಸಲು ಒಬ್ಬರು, ಹಾಡುವವರ ಕೈಲೊಂದು ಬೀಸಣಿಗೆ. ಸಾಮಾನು ಅಷ್ಟೇ. ನಾಯಕಿ, ಖಳ, ಆಳು, ಅಳುವ ಅಮ್ಮ, ಎಲ್ಲರೂ ಆ ಒಬ್ಬರ ಬಾಯಲ್ಲೇ. ಈ ಕಥೆ ಪೂರ್ತಿ ಹಾಡಲು ಗಂಟೆಗಟ್ಟಲೆ ಬೇಕು. ಅವರ ಗಂಟಲು ಕಟ್ಟಿಲ್ಲ. ವರ್ಷಗಟ್ಟಲೆ ಕೂಗಿ ಕೂಗಿ ಹಾಗೆ ಪಳಗಿಸಿದ್ದು. ಈ ಹಾಡಿಗೆ ನಯವಾದ ದನಿ ಸಪ್ಪೆ.

ಇಮ್ ಕ್ವಾನ್‌ಟೇಕ್ 2000ದಲ್ಲಿ ಇದನ್ನು ತೆಗೆದರು. ಕಾನ್ ಚಿತ್ರೋತ್ಸವದ ಮುಖ್ಯ ಸ್ಪರ್ಧೆಗೆ ಹೋದ ಮೊದಲ ಕೊರಿಯನ್ ಸಿನಿಮಾ. ಇಲ್ಲಿ ದೃಶ್ಯಕ್ಕೆ ಹಾಡು ಜೋಡಿಸಿಲ್ಲ, ಹಾಡಿಗೆ ದೃಶ್ಯ ಜೋಡಿಸಿದ್ದಾರೆ. ಉಯ್ಯಾಲೆ ಆಡುವ ಚುನ್‌ಹ್ಯಾಂಗ್‌ಳನ್ನು ಕಂಡ ದೊಡ್ಡ ಮನೆಯ ಹುಡುಗ ಮೊಂಗ್‌ನ್ಯೊಂಗ್, ಅವಳನ್ನು ಕರೆದು ಬಾ ಅಂತ ಆಳು ಪಾಂಗ್‌ಜಾನನ್ನು ಅಟ್ಟುತ್ತಾನೆ ನೋಡಿ, ಅಲ್ಲಿ ಆ ಆಳಿನ ಕಾಲು ಗಮನಿಸಿ. ಡೋಲಿನ ಪೆಟ್ಟಿಗೆ ಸರಿಯಾಗಿ ಬೀಳುತ್ತವೆ. ಹಾಡೇ ಅವನನ್ನು ನಡೆಸುತ್ತಿದೆ ಅಲ್ವಾ?

ಕಥೆ ಸರಳ. ಚುನ್‌ಹ್ಯಾಂಗ್‌ಳ ಅಮ್ಮ ಗೀಸೆಂಗ್, ಅಂದರೆ ಸರ್ಕಾರಿ ಔತಣಗಳಲ್ಲಿ ಹಾಡಿ ಕುಣಿಯುವವಳು. ಹುಡುಗ ಚುನ್‌ಹ್ಯಾಂಗ್‌ಳ ಲಂಗದ ಮೇಲೆ ಕುಂಚದಲ್ಲಿ ಮಾತು ಬರೆದುಕೊಟ್ಟು ರಾಜಧಾನಿಗೆ ಹೋಗುತ್ತಾನೆ. ಹೊಸದಾಗಿ ಬಂದ ಅಧಿಕಾರಿ, ಗೀಸೆಂಗ್ ಮಗಳು ತಾನೇ, ಬಾ ಅನ್ನುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ. ಕಟ್ಟಿಹಾಕಿ ಹೊಡೆಸುತ್ತಾನೆ.

ನೀವು ತಲುಪಬೇಕಾದ ಜಾಗ ಅದು. ಒಂದು ಏಟು ಬೀಳುತ್ತದೆ. ಅವಳು ‘ಒಂದು’ ಎಂಬ ಮಾತನ್ನೇ ಹಿಡಿದು, ನನಗಿರುವುದು ಒಂದೇ ಮನಸ್ಸು ಅನ್ನುತ್ತಾಳೆ. ಎರಡನೇ ಏಟಿಗೆ, ಇಬ್ಬರು ಗಂಡಂದಿರ ಜೊತೆ ಬಾಳಲಾರೆ ಅನ್ನುತ್ತಾಳೆ. ಹೀಗೆ ಏಟಿಗೊಂದು ಉತ್ತರ. ಬರುಬರುತ್ತ ನಟಿಯ ಬಾಯಿ ಯಾವುದು, ಹಾಡುವವರ ಬಾಯಿ ಯಾವುದು ಅಂತ ನನಗೆ ತಿಳಿಯದೇ ಹೋಯಿತು. ಇಷ್ಟರ ನಡುವೆ ಕ್ಯಾಮೆರಾ ಈ ಹಾಡು ನಡೆಯುತ್ತಿರುವ ಇವತ್ತಿನ ಸಭಾಂಗಣಕ್ಕೆ ಬರುತ್ತದೆ. ನಮ್ಮ ಹಾಗೇ ಬಟ್ಟೆ ಹಾಕಿದ ಜನ. ಅವರೂ ಸುಮ್ನೆ ಕೂತಿಲ್ಲ.

ಪ್ರಶ್ನೆ: ಹುಡುಗ ಕೊನೆಗೆ ವಾಪಸ್ ಬರ್ತಾನಾ? ಇಲ್ಲದಿದ್ದರೆ ಮಗಳು ನೋಡಲ್ಲವಂತೆ.
– ಅವರೇ

ಉತ್ತರ: ಬರ್ತಾನೆ, ಮಗಳಿಗೆ ಹೇಳಿ. ಪರೀಕ್ಷೆ ಪಾಸಾಗಿ, ರಾಜನ ಗುಪ್ತ ತನಿಖಾಧಿಕಾರಿಯಾಗಿ, ಭಿಕ್ಷುಕನ ವೇಷದಲ್ಲಿ. ಜೈಲಿನಲ್ಲಿರುವ ಅವಳನ್ನು ನೋಡಿಯೂ ನಿಜ ಬಾಯಿಬಿಡುವುದಿಲ್ಲ. ಸುಳಿವು ಸಿಕ್ಕರೆ ಕೆಲಸ ಕೆಡುತ್ತದೆ, ಒಪ್ಪೋಣ. ಆದರೆ ಗೆದ್ದ ಮೇಲೂ ಮುಖ ತೋರಿಸದೆ ಅವಳನ್ನು ಮತ್ತೊಮ್ಮೆ ಪರೀಕ್ಷಿಸುತ್ತಾನಲ್ಲ, ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಅಷ್ಟು ಏಟು ತಿಂದವಳಿಗೆ ಇನ್ನೆಂಥ ಪರೀಕ್ಷೆ! ಮಗಳು ಏನಂದಳು ಅಂತ ಬರೆಯಿರಿ.