ಹಾಡಿಯ ಫೀಲ್ಡ್‌ವರ್ಕ್ ವರದಿಗೆ ಯಾವ ನ್ಯಾಯ ಸಿದ್ಧಾಂತ?

ಎಚ್.ಡಿ. ಕೋಟೆಯ ಹಾಡಿಯಲ್ಲಿ (ಆದಿವಾಸಿ ವಸತಿಯಲ್ಲಿ) ಅರಣ್ಯ ಹಕ್ಕು ಅರ್ಜಿ ವಜಾ ಆದ ಕುಟುಂಬಗಳ ವರದಿಗೆ ಯಾವ ಸಿದ್ಧಾಂತ ಹೊಂದುತ್ತೆ ಅಂತ ಕೇಳಿದ್ದೀರಿ. ಮೊದಲ ಅಧ್ಯಾಯದಲ್ಲಿ ನ್ಯಾಯದ ತತ್ವಜ್ಞಾನಿ ಜಾನ್ ರಾಲ್ಸ್ ಬಗ್ಗೆ ಎರಡು ಪುಟ ಬರೆದು, ಆಮೇಲೆ ಅವನನ್ನು ಮರೆತರೆ ವೈವಾದಲ್ಲಿ ಸಿಕ್ಕಿಬೀಳ್ತೀರಿ. ನಿಮ್ಮ ಕೇಸಿಗೆ ಅಮೆರಿಕದ ಚಿಂತಕಿ ನ್ಯಾನ್ಸಿ ಫ್ರೇಸರ್ ಹೆಚ್ಚು ಉಪಯೋಗ. ನ್ಯಾಯವನ್ನು ಆಕೆ ಮೂರಾಗಿ ನೋಡ್ತಾಳೆ: ಹಂಚಿಕೆ, ಮನ್ನಣೆ (ಸಮಾನ ಗೌರವ), ಪ್ರಾತಿನಿಧ್ಯ (ತೀರ್ಮಾನದಲ್ಲಿ ಪಾಲು). ಪ್ರತಿ ಕಡತವನ್ನೂ ಈ ಮೂರನ್ನು ಇಟ್ಟುಕೊಂಡು ಓದಿ.

ಹಂಚಿಕೆ ಸುಲಭ: ಕೇಳಿದ ಜಮೀನೆಷ್ಟು, ಕೊಟ್ಟಿದ್ದೆಷ್ಟು (ವೈಯಕ್ತಿಕ ಹಕ್ಕಿನ ಮಿತಿ 4 ಹೆಕ್ಟೇರ್).

ಮನ್ನಣೆಯಲ್ಲೇ ಕೆಲಸ ಜಾಸ್ತಿ. 'ದಾಖಲೆ ಇಲ್ಲ' ಅಂತ ವಜಾ ಮಾಡಿದ್ದರೆ ಅರಣ್ಯ ಹಕ್ಕು ಕಾಯ್ದೆಯ 2008ರ ನಿಯಮಗಳ 13ನೇ ನಿಯಮ ತೆಗೆದು ನೋಡಿ. ಹಿರಿಯರ ಹೇಳಿಕೆಯನ್ನು ಬರವಣಿಗೆಗೆ ಇಳಿಸಿದರೆ ಅದೂ ಸಾಕ್ಷ್ಯ. ಗುಡಿಸಲು, ಬದುವಿನಂಥ ಗುರುತುಗಳೂ ಸಾಕ್ಷ್ಯವೇ. ಆದರೆ ಒಂದೇ ಸಾಲದು, ಎರಡಾದರೂ ಬೇಕು. ಹಿರಿಯರ ಮಾತನ್ನು ಕಚೇರಿ ಕಾಗದಕ್ಕಿಂತ ಕೀಳಾಗಿ ಕಂಡಿದ್ದೇ ಮನ್ನಣೆಯ ನಿರಾಕರಣೆ; ವರದಿಯ ತಿರುಳು ಅದೇ ಆಗಲಿ.

ಪ್ರಾತಿನಿಧ್ಯಕ್ಕೆ ಗ್ರಾಮಸಭೆ ನಡಾವಳಿಯ ಪ್ರತಿ ಪಡೆದು ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಇತ್ತೇ ನೋಡಿ, ಮಹಿಳೆಯರ ಸಹಿ ಎಣಿಸಿ.

ವಜಾ ಆಗಿದ್ದನ್ನು ಅರ್ಜಿದಾರರಿಗೆ ಖುದ್ದಾಗಿ, ಕಾರಣ ಸಮೇತ ತಿಳಿಸಲೇಬೇಕು. ಗ್ರಾಮಸಭೆಯೇ ತಿರಸ್ಕರಿಸಿದ್ದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ, ಅಂದರೆ ಹುಣಸೂರಿಗೆ, ಮೇಲ್ಮನವಿ ಹಾಕಬಹುದು. ವರದಿ ಬರೆಯೋಕೆ ಮುಂಚೆ ಆ ದಿನಾಂಕ ನೋಡಿ; ಗಡುವು ಇನ್ನೂ ಇದ್ದರೆ ಮೊದಲು ಅರ್ಜಿ, ಆಮೇಲೆ ಅಧ್ಯಾಯ.