ಎಲೆಕ್ಟ್ರೋಮೀಟರ್ ಸೊನ್ನೆ ತೋರಿಸಿದರೆ ಚಾರ್ಜ್ ಇಲ್ಲ ಅಂತಲ್ಲ

ದ್ರವವನ್ನು ಸಣ್ಣ ಹನಿಗಳಾಗಿ ಚಿಮ್ಮಿಸುವ ನೆಬ್ಯುಲೈಸರ್‌ನಿಂದ ಸಿಂಪಡಿಸಿದ ಬ್ಯಾಕ್ಟೀರಿಯಾಗೆ ಎಲೆಕ್ಟ್ರೋಮೀಟರ್ (ವಿದ್ಯುತ್ ಚಾರ್ಜ್ ಅಳೆಯುವ ಮೀಟರ್) ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತಿದೆ, ಚಾರ್ಜೇ ಇಲ್ವಾ ಅಂತ ಕೇಳಿದ್ದೀರಿ. ಚಾರ್ಜ್ ಇದ್ದೂ ಹಾಗೆ ತೋರಿಸಬಹುದು. ಆ ಮೀಟರ್ ಕೊಡುವುದು ಒಟ್ಟು ಲೆಕ್ಕ. ಪ್ಲಸ್ ಕಣ, ಮೈನಸ್ ಕಣ ಎರಡೂ ಇದ್ದರೆ ಒಂದಕ್ಕೊಂದು ವಜಾ ಆಗಿಬಿಡುತ್ತವೆ, ಅಲ್ವಾ?

ಅದನ್ನು ಪತ್ತೆ ಹಚ್ಚಲು, ಎದುರುಬದುರು ಎರಡು ಲೋಹದ ಪ್ಲೇಟ್ ಇಟ್ಟು ನಡುವೆ ಆ ಬ್ಯಾಕ್ಟೀರಿಯಾ ಇರುವ ಗಾಳಿ ಹರಿಸಿ. ವೋಲ್ಟೇಜ್ ಇಲ್ಲದಾಗ ಎಷ್ಟು ಕಣ ಹೊರಬಂದವು, ಕೊಟ್ಟಾಗ ಎಷ್ಟು ಅಂತ ಕೌಂಟರ್‌ನಲ್ಲಿ ಎಣಿಸಿ. ವೋಲ್ಟೇಜ್ ನಿಧಾನಕ್ಕೆ ಏರಿಸಿದರೆ ಜಾಸ್ತಿ ಚಾರ್ಜ್ ಇರುವವು ಮೊದಲು ಪ್ಲೇಟಿಗೆ ಅಂಟುತ್ತವೆ. ಒಂದು ಬಗೆಯ ಬ್ಯಾಕ್ಟೀರಿಯಾ ಆದ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್‌ನ ಒಂದೇ ಕೋಶದ ಮೇಲೆ 10,000 ಎಲೆಕ್ಟ್ರಾನಿಗೂ ಮೀರಿದ ಚಾರ್ಜ್ ಸಿಕ್ಕಿದ್ದುಂಟು.

ಸಿಂಪಡಿಸುವಾಗಲೇ ಹನಿಗೆ ಚಾರ್ಜ್ ಬರುತ್ತದೆ. ಹಾಗಾಗಿ ಅದರಿಂದ ಬಂದದ್ದೆಷ್ಟು ಅಂತ ತಿಳಿಯಲು ಅದೇ ಗಾತ್ರದ ಪಾಲಿಸ್ಟೈರೀನ್ (ಒಂದು ಬಗೆಯ ಪ್ಲಾಸ್ಟಿಕ್) ಗುಂಡುಗಳನ್ನೂ ಸಿಂಪಡಿಸಿ ಹೋಲಿಸಿ ನೋಡಿ. ಅಂದಹಾಗೆ, ಪೈಪ್ ಪ್ಲಾಸ್ಟಿಕ್ಕಿನದಾ? ಮೊದಲು ಅದನ್ನು ತೆಗೆದು ಲೋಹದ್ದು ಹಾಕಿ. ಪ್ಲಾಸ್ಟಿಕ್ ಪೈಪ್ ಚಾರ್ಜ್ ಇರುವ ಕಣಗಳನ್ನು ದಾರಿಯಲ್ಲೇ ನುಂಗುತ್ತದೆ.